ಸ್ವಂತ ಊರಲ್ಲೊಂದು ಫೋಟೊ ಪ್ರಾಜೆಕ್ಟ್: ಶುರು ಮಾಡುವುದು ಹೇಗೆ, ಮುಗಿಸುವುದು ಹೇಗೆ

ಪ್ರವಾಸ ಹೋದಾಗ ಕ್ಯಾಮೆರಾ ಕೈಯಿಂದ ಇಳಿಯುವುದಿಲ್ಲ. ವಾಪಸ್ ಬಂದ ಮರುದಿನ ಅದು ಕಪಾಟು ಸೇರುತ್ತದೆ. 'ನಮ್ಮೂರಲ್ಲಿ ತೆಗೆಯೋಕೆ ಏನಿದೆ?' ಅಂತ ಕೇಳುವವರೇ ಜಾಸ್ತಿ. ಹಿತ್ತಲ ಗಿಡ ಮದ್ದಲ್ಲ, ಅಲ್ವಾ?

ಆದರೆ ಪ್ರವಾಸಿಗೆ ಇಲ್ಲದ ಒಂದು ಅನುಕೂಲ ಊರಿನವರಿಗೆ ಇದೆ. ಅವರು ಮತ್ತೆ ಹೋಗಬಹುದು. ಇವತ್ತು ಬೆಳಕು ಕೈಕೊಟ್ಟರೆ ನಾಳೆ ಹೋಗಬಹುದು. ಅಂಗಡಿ ಬಾಗಿಲು ಹಾಕಿದ್ದರೆ ವಾರ ಬಿಟ್ಟು ಹೋಗಬಹುದು. ಹತ್ತು ವರ್ಷ ಬಿಟ್ಟು ಅದೇ ಮೂಲೆಯಲ್ಲಿ ಮತ್ತೆ ನಿಲ್ಲಬಹುದು. ಊರಿನ ಮೇಲೆ ನಡೆದ ಒಳ್ಳೆಯ ಫೋಟೊ ಕೆಲಸಗಳೆಲ್ಲ ಹೆಚ್ಚುಕಮ್ಮಿ ಹೀಗೆ ಮತ್ತೆ ಮತ್ತೆ ಹೋಗಿದ್ದರಿಂದಲೇ ಹುಟ್ಟಿವೆ. ಯೂಜೀನ್ ಅಟ್ಜೆ (1857–1927) ಭಾರವಾದ ಮರದ ಕ್ಯಾಮೆರಾ, ಗಾಜಿನ ಪ್ಲೇಟು ಹೊತ್ತುಕೊಂಡು ಸುಮಾರು ಮೂವತ್ತು ವರ್ಷ ಪ್ಯಾರಿಸ್‌ನ ಬೀದಿಗಳಲ್ಲೇ ಓಡಾಡಿದರು. ಆ ಚಿತ್ರಗಳನ್ನು ಅವರು 'ಕಲಾವಿದರಿಗೆ ದಾಖಲೆ' ಅಂತ ಹೇಳಿ ಮಾರುತ್ತಿದ್ದರು. ಅಂಗಡಿಯ ಗಾಜು, ಬಾಗಿಲ ಹಿಡಿಕೆ, ಮೆಟ್ಟಿಲಿನ ಕಂಬಿ, ಚಿಂದಿ ಆಯುವವರು, ಹೀಗೆ ಊರಿನವರು ದಿನಾ ನೋಡಿಯೂ ನೋಡದ ವಸ್ತುಗಳೇ ಅವರ ಚಿತ್ರಗಳಲ್ಲಿ ಇದ್ದವು.

ಈಗ ಕೆಲಸಕ್ಕೆ ಬರೋಣ.

1. ಮೊದಲು ಒಂದು ವಾಕ್ಯ ಬರೆಯಿರಿ

'ನನ್ನ ಊರು' ಅನ್ನುವುದು ಪ್ರಾಜೆಕ್ಟ್ ಅಲ್ಲ. ಅಷ್ಟು ದೊಡ್ಡದನ್ನು ಹಿಡಿದುಕೊಂಡರೆ ಸಿಕ್ಕಿದ್ದನ್ನೆಲ್ಲ ತೆಗೆಯುತ್ತೀರಿ. ಎರಡು ತಿಂಗಳಾದ ಮೇಲೆ ಹಾರ್ಡ್ ಡಿಸ್ಕ್ ತುಂಬಿರುತ್ತದೆ, ಕೈಯಲ್ಲಿ ಏನೂ ಇರುವುದಿಲ್ಲ.

ಒಂದು ವಾಕ್ಯ ಸಾಕು. 'ಹಳೇ ಪೇಟೆಯ ಕ್ಷೌರದಂಗಡಿಗಳ ಕನ್ನಡಿ ಮತ್ತು ಆ ಕನ್ನಡಿಯೊಳಗೆ ಕಾಣುವ ಅಂಗಡಿ.' 'ನಾನು ಕೆಲಸಕ್ಕೆ ಹೋಗುವ ಬಸ್ಸಿನ ಪ್ರತಿ ಸ್ಟಾಪು, ಬೆಳಗಿನ ಮೊದಲ ಬಸ್ಸು ಬರುವ ಮುಂಚೆ.' 'ಮುಚ್ಚಿಹೋದ ಚಿತ್ರಮಂದಿರಗಳ ಟಿಕೆಟ್ ಕಿಟಕಿ.' ಈ ವಾಕ್ಯವನ್ನು ಓದಿ ಬೇರೆ ಯಾರಾದರೂ ಕ್ಯಾಮೆರಾ ತಗೊಂಡು ಸೀದಾ ಹೊರಡುವ ಹಾಗಿರಬೇಕು. 'ಊರಿನ ಆತ್ಮ', 'ಬದಲಾವಣೆಯ ನೋವು' ಅಂತೆಲ್ಲ ಬರೆದರೆ ಯಾರಿಗೂ ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ.

ವಿಷಯ ಮನೆಯಿಂದ ಅರ್ಧ ಗಂಟೆಯ ದಾರಿಯೊಳಗೆ ಇರಲಿ. ದೂರ ಇದ್ದರೆ ಮೊದಲ ತಿಂಗಳು ಹೋಗುತ್ತೀರಿ, ಆಮೇಲೆ ನೆಪ ಶುರುವಾಗುತ್ತದೆ. ಬೇಗ ಕಣ್ಮರೆಯಾಗುವ ವಿಷಯ ಸಿಕ್ಕರೆ ಅದಕ್ಕೆ ಮೊದಲ ಮಣೆ ಹಾಕಿ. ಥಾಮಸ್ ಅನ್ನಾನ್ 1868ರಿಂದ 1871ರ ನಡುವೆ ಗ್ಲಾಸ್ಗೋದ ಇಕ್ಕಟ್ಟಾದ ಓಣಿಗಳನ್ನು ತೆಗೆದರು. ನಗರ ಸುಧಾರಣೆಯ ಹೆಸರಲ್ಲಿ ಅವು ನೆಲಸಮ ಆಗುವುದಿದ್ದುದರಿಂದಲೇ ಅವರಿಗೆ ಆ ಕೆಲಸ ಸಿಕ್ಕಿದ್ದು. ನಿಮಗೆ ಯಾರೂ ಹೀಗೆ ಕರೆದು ಕೆಲಸ ಕೊಡುವುದಿಲ್ಲ. ರಸ್ತೆ ಅಗಲ ಮಾಡಲು ಗುರುತು ಹಾಕಿದ ಗೋಡೆ ಕಂಡರೆ ಅದನ್ನೇ ಆರ್ಡರ್ ಅಂದುಕೊಳ್ಳಿ.

2. ಕ್ಯಾಮೆರಾ ಬಿಟ್ಟು ಒಂದು ಸುತ್ತು ಹೊಡೆಯಿರಿ

ಮೊದಲ ಸುತ್ತಿಗೆ ಕೈಯಲ್ಲಿ ನೋಟ್‌ಬುಕ್ ಇದ್ದರೆ ಸಾಕು. ಪ್ರತಿ ಜಾಗದ ಬಗ್ಗೆಯೂ ಬರೆದುಕೊಳ್ಳಿ: ಅದು ಯಾವ ದಿಕ್ಕಿಗೆ ಮುಖ ಮಾಡಿದೆ, ಬಿಸಿಲು ಯಾವಾಗ ಬೀಳುತ್ತದೆ, ಎಷ್ಟು ಹೊತ್ತಿಗೆ ತೆರೆಯುತ್ತದೆ, ಮುಂದೆ ಗಾಡಿ ನಿಲ್ಲಿಸುತ್ತಾರಾ, ಯಾರನ್ನು ಕೇಳಬೇಕು. ಪೂರ್ವಕ್ಕೆ ಮುಖ ಮಾಡಿದ ಮುಂಬಾಗಿಲನ್ನು ಸಂಜೆ ತೆಗೆಯಲು ಹೋದರೆ ಹಿಂದಿನಿಂದ ಬೆಳಕು ಹೊಡೆದು ಇಡೀ ಗೋಡೆ ಕಪ್ಪಾಗುತ್ತದೆ. ಇದನ್ನು ತಿಳಿಯಲು ಫೋನಿನ ದಿಕ್ಸೂಚಿ ಸಾಕು.

ಈ ಪಟ್ಟಿಯೇ ಮುಂದೆ ನಿಮ್ಮ ವೇಳಾಪಟ್ಟಿ. ಬೆಳಗಿನ ಜಾಗಗಳನ್ನು ಒಂದು ಕಡೆ ಬರೆಯಿರಿ, ಸಂಜೆಯವನ್ನು ಇನ್ನೊಂದು ಕಡೆ. ಮೋಡ ಕವಿದ ದಿನಕ್ಕೆ ಮೀಸಲಾದ ಜಾಗಗಳದ್ದು ಮೂರನೇ ಪಟ್ಟಿ. ಬಿಡುವು ಸಿಕ್ಕ ಭಾನುವಾರ ಎಲ್ಲಿಗೆ ಹೋಗಬೇಕು ಅಂತ ಯೋಚಿಸುತ್ತಾ ಕೂರುವ ಕೆಲಸ ತಪ್ಪುತ್ತದೆ.

3. ಕಟ್ಟುಪಾಡು ಹಾಕಿಕೊಳ್ಳಿ

ಯಾವ ಕ್ಯಾಮೆರಾ ಒಳ್ಳೆಯದು ಅಂತ ಕೇಳುತ್ತೀರಿ. ಇರುವುದು ಸಾಕು. ಫೋನೂ ನಡೆಯುತ್ತದೆ. ಇಷ್ಟೇ, ಮುಂದಕ್ಕೆ ಹೋಗೋಣ.

ಲೆನ್ಸ್ ಮಾತ್ರ ಒಂದೇ ಇರಲಿ. ಜೂಮ್ ಇದ್ದರೆ ಒಂದು ಅಳತೆಗೆ ಟೇಪ್ ಅಂಟಿಸಿಬಿಡಿ. ಅಡ್ಡ ಚೌಕಟ್ಟೋ, ಉದ್ದ ಚೌಕಟ್ಟೋ, ಚೌಕವೋ ಮೊದಲೇ ತೀರ್ಮಾನಿಸಿ. ಬಣ್ಣವೋ ಕಪ್ಪುಬಿಳುಪೋ ಅನ್ನುವುದನ್ನೂ ಈಗಲೇ ಗೊತ್ತುಮಾಡಿ. ಬೇಜಾರು ಹುಟ್ಟಿಸುವಷ್ಟು ಒಂದೇ ತರಹ ತೆಗೆದಾಗಲೇ ವಸ್ತುಗಳ ನಡುವಿನ ವ್ಯತ್ಯಾಸ ಎದ್ದು ಕಾಣುವುದು. ಬರ್ನ್ಡ್ ಮತ್ತು ಹಿಲ್ಲಾ ಬೆಕರ್ ದಂಪತಿ 1959ರಿಂದ ನೀರಿನ ಟ್ಯಾಂಕು, ಗಣಿ ಗೋಪುರ, ಕುಲುಮೆಗಳನ್ನು ಹೀಗೇ ತೆಗೆದರು. ಮೋಡದ ದಿನ, ನೆರಳಿಲ್ಲದ ಬೆಳಕು, ವಸ್ತು ಚೌಕಟ್ಟಿನ ನಡುವೆ. ಎಲ್ಲ ಒಂದೇ ರೀತಿ. ಅವನ್ನು ಒಂಬತ್ತೋ ಹದಿನೈದೋ ಒಟ್ಟಿಗೆ ಸಾಲಾಗಿ ಜೋಡಿಸಿದಾಗ ಒಂದೊಂದು ಟ್ಯಾಂಕಿಗೂ ಒಂದೊಂದು ಮುಖ ಇದೆ ಅನ್ನಿಸುತ್ತದೆ. ಒಂದನ್ನೇ ಬೇರೆ ಮಾಡಿ ನೋಡಿ, ಅದು ಸುಮ್ನೆ ಒಂದು ಟ್ಯಾಂಕು.

ಈ ಕಟ್ಟುಪಾಡನ್ನು ಎರಡು ವಾರ ಪಾಲಿಸಿ ನೋಡಿ. ಅಷ್ಟರಲ್ಲಿ ಹೊಂದದಿದ್ದರೆ ಬದಲಿಸಿ. ಆಮೇಲೆ ಮುಟ್ಟಬೇಡಿ.

4. ಒಂದು ಉದಾಹರಣೆ: ಕನ್ನಡಿಯ ಮುಂದೆ

ಕ್ಷೌರದಂಗಡಿಯ ಕನ್ನಡಿ ಅಂದೆನಲ್ಲ, ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ. ಒಳಗೆ ಹೋದ ತಕ್ಷಣ ಎದುರಾಗುವ ತೊಂದರೆ: ಕನ್ನಡಿಯೊಳಗೆ ನೀವೇ ಕಾಣುತ್ತೀರಿ. ಕನ್ನಡಿಗೆ ನೇರ ನಿಲ್ಲದೆ ಓರೆಯಾಗಿ ನಿಂತರೆ ನಿಮ್ಮ ಬಿಂಬ ಚೌಕಟ್ಟಿನ ಆಚೆ ಹೋಗುತ್ತದೆ. ಎಡಕ್ಕೆ ಸರಿದರೆ ಅಂಗಡಿಯ ಬಲಭಾಗ ಕನ್ನಡಿಯಲ್ಲಿ ಕಾಣುತ್ತದೆ. ಬಾಗಿಲು, ಅದರಾಚೆಯ ಬೀದಿ, ಬೆಂಚಿನ ಮೇಲೆ ಕಾಯುತ್ತಾ ಕೂತವರು, ಇವುಗಳಲ್ಲಿ ಯಾವುದು ಬೇಕು ಅಂತ ನೋಡಿಕೊಂಡು ಒಂದೊಂದೇ ಹೆಜ್ಜೆ ಸರಿಯಿರಿ.

ಎರಡನೇ ತೊಂದರೆ ಫೋಕಸ್. ಕನ್ನಡಿಯ ಅಂಚಿನಲ್ಲಿ ಅಂಟಿಸಿದ ಚೀಟಿ, ದೇವರ ಪಟ ಇವು ಸ್ಪಷ್ಟವಾಗಿ ಬಂದರೆ ಒಳಗಿನ ಬಿಂಬ ಮಸುಕಾಗುತ್ತದೆ. ಬಿಂಬದ ಮೇಲೆ ಫೋಕಸ್ ಮಾಡಿದರೆ ಚೀಟಿ ಮಸುಕಾಗುತ್ತದೆ. ಯಾಕೆಂದರೆ ಬಿಂಬದ ದೂರ ಅಂದರೆ ಕ್ಯಾಮೆರಾದಿಂದ ಕನ್ನಡಿಗೆ ಇರುವ ದೂರ ಮತ್ತು ಕನ್ನಡಿಯಿಂದ ಆ ವ್ಯಕ್ತಿಗೆ ಇರುವ ದೂರ, ಎರಡೂ ಸೇರಿ. ನೀವು ಕನ್ನಡಿಯಿಂದ ಎರಡು ಮೀಟರ್, ಬೆಂಚು ಮೂರು ಮೀಟರ್ ದೂರ ಇದ್ದರೆ ಲೆನ್ಸ್‌ಗೆ ಬೆಂಚು ಐದು ಮೀಟರ್ ಆಚೆ ಇದ್ದ ಹಾಗೆ. ಎರಡೂ ಸ್ಪಷ್ಟ ಬೇಕಾದರೆ ಅಗಲದ ಲೆನ್ಸ್ ಹಾಕಿ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಎಫ್/8 ಅಥವಾ ಎಫ್/11ರಷ್ಟು ಚಿಕ್ಕದಾಗಿ ಇಟ್ಟು, ಎರಡರ ನಡುವೆ ಫೋಕಸ್ ಮಾಡಿ.

ಮೂರನೆಯದು ಟ್ಯೂಬ್‌ಲೈಟು. ಚಿತ್ರದ ಮೇಲೆ ಅಡ್ಡಡ್ಡ ಪಟ್ಟಿ ಬಂದರೆ ಕ್ಯಾಮೆರಾ ಕೆಟ್ಟಿದೆ ಅಂದುಕೊಳ್ಳಬೇಡಿ. ವಿದ್ಯುತ್ 50 ಹರ್ಟ್ಸ್ ಇರುವ ದೇಶಗಳಲ್ಲಿ ಇಂಥ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ, 60 ಹರ್ಟ್ಸ್ ಇರುವಲ್ಲಿ 120 ಸಲ. ಮೊದಲನೆಯ ಕಡೆ ಶಟರ್ ತೆರೆದಿರುವ ಸಮಯ 1/50 ಅಥವಾ 1/100 ಸೆಕೆಂಡ್, ಎರಡನೆಯ ಕಡೆ 1/60 ಅಥವಾ 1/125 ಇಟ್ಟರೆ ಪಟ್ಟಿ ಹೋಗುತ್ತದೆ, ಇಲ್ಲವೇ ಗಮನಕ್ಕೆ ಬಾರದಷ್ಟು ತೆಳುವಾಗುತ್ತದೆ. ಫ್ಲ್ಯಾಶ್ ಬೇಡವೇ ಬೇಡ. ಕನ್ನಡಿಗೆ ಹೊಡೆದು ವಾಪಸ್ ನಿಮ್ಮ ಮುಖಕ್ಕೇ ಬರುತ್ತದೆ.

ಇದನ್ನೆಲ್ಲ ಇಷ್ಟುದ್ದ ಹೇಳಿದ್ದು ಕ್ಷೌರದಂಗಡಿಯ ಮೇಲಿನ ಪ್ರೀತಿಗಲ್ಲ. ಯಾವ ವಿಷಯ ಹಿಡಿದರೂ ಅದಕ್ಕೇ ಆದ ಎರಡು ಮೂರು ತಾಂತ್ರಿಕ ಕಿರಿಕಿರಿ ಇರುತ್ತದೆ. ಮೊದಲ ಎರಡು ಮೂರು ಜಾಗಗಳನ್ನು ಅಭ್ಯಾಸಕ್ಕೆ ಅಂತಲೇ ಬಿಟ್ಟುಕೊಡಿ. ಕಿರಿಕಿರಿ ಬಗೆಹರಿದ ಮೇಲೆ ಅಲ್ಲಿಗೇ ಮತ್ತೆ ಹೋಗಿ. ಊರು ನಿಮ್ಮದೇ ತಾನೇ.

5. ಹಳೆಯ ಫೋಟೊದ ಜಾಗಕ್ಕೆ ವಾಪಸ್ ಹೋಗುವುದು

ಊರಿನ ಫೋಟೊಗ್ರಾಫರಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಹಳೆಯ ಚಿತ್ರವೊಂದನ್ನು ಹಿಡಿದುಕೊಂಡು, ಅದನ್ನು ತೆಗೆದವರು ಎಲ್ಲಿ ನಿಂತಿದ್ದರೋ ಅಲ್ಲೇ ನಿಂತು ಇವತ್ತಿನ ಚಿತ್ರ ತೆಗೆಯುವುದು. ಬೆರೆನಿಸ್ ಅಬಾಟ್ 1929ರಲ್ಲಿ ಪ್ಯಾರಿಸ್‌ನಿಂದ ನ್ಯೂಯಾರ್ಕಿಗೆ ಮರಳಿದಾಗ ಊರು ಗುರುತು ಸಿಗದ ಹಾಗೆ ಬದಲಾಗುತ್ತಿತ್ತು. ಆ ಬದಲಾವಣೆಯನ್ನೇ ಅವರು 1930ರ ದಶಕದುದ್ದಕ್ಕೂ ತೆಗೆದರು. ಎಷ್ಟೋ ದಶಕಗಳ ನಂತರ ಡಗ್ಲಸ್ ಲಿವೀರ್ ಅವೇ ಜಾಗಗಳಿಗೆ ಹೋಗಿ, ವರ್ಷದ ಅದೇ ಕಾಲ, ದಿನದ ಅದೇ ಹೊತ್ತು ನೋಡಿಕೊಂಡು ಮತ್ತೆ ತೆಗೆದರು.

ಹಳೆಯ ಚಿತ್ರ ಎಲ್ಲಿ ಸಿಗುತ್ತದೆ? ಗ್ರಂಥಾಲಯ, ಹಳೆಯ ಪೋಸ್ಟ್‌ಕಾರ್ಡು, ಶಾಲೆಯ ಸ್ಮರಣ ಸಂಚಿಕೆ, ನೆಂಟರ ಆಲ್ಬಮ್, ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆ. ಆಲ್ಬಮ್ಮುಗಳನ್ನು ಕಡೆಗಣಿಸಬೇಡಿ. ಮದುವೆ ಮನೆಯವರ ಹಿಂದೆ ಇವತ್ತು ಇಲ್ಲದ ಬೀದಿಯೊಂದು ನಿಂತಿರುತ್ತದೆ. ಚಿತ್ರವನ್ನು ಚೌಕಟ್ಟಿನಿಂದ ಬಿಚ್ಚಲು ಒಪ್ಪಿದರೆ ಬಿಚ್ಚಿ, ಕಿಟಕಿಯ ಪಕ್ಕದ ಬೆಳಕಿನಲ್ಲಿ, ಮೇಲಿನಿಂದ ನೇರವಾಗಿ ತೆಗೆಯಿರಿ.

ನಿಂತ ಜಾಗ ಕಂಡುಹಿಡಿಯುವುದು ಪತ್ತೇದಾರಿ ಕೆಲಸ. ಅಂದಾಜಿಗೆ ನಿಂತು 'ಇಲ್ಲೇ ಇರಬೇಕು' ಅಂದರೆ ಆಗುವುದಿಲ್ಲ. ವಿಧಾನ ಇದೆ.

ಹಳೆಯ ಚಿತ್ರದಲ್ಲಿ ಇವತ್ತಿಗೂ ಉಳಿದಿರುವ ಎರಡು ವಸ್ತು ಹುಡುಕಿ. ಒಂದು ಹತ್ತಿರದ್ದು, ಇನ್ನೊಂದು ದೂರದ್ದು. ಹತ್ತಿರ ಒಂದು ಕಟ್ಟಡದ ಮೂಲೆ, ಹಿಂದೆ ಗಡಿಯಾರದ ಗೋಪುರ ಅಂತಿಟ್ಟುಕೊಳ್ಳಿ. ಚಿತ್ರದಲ್ಲಿ ಗೋಪುರ ಆ ಮೂಲೆಗೆ ತಾಗಿಕೊಂಡೇ ಇದೆ. ನೀವು ನಿಂತಲ್ಲಿಂದ ನೋಡಿದರೆ ಗೋಪುರ ಮೂಲೆಯಿಂದ ಬಲಕ್ಕೆ ಸಾಕಷ್ಟು ದೂರ ಇದೆ. ಹಾಗಾದರೆ ಎಡಕ್ಕೆ ಸರಿಯಿರಿ. ನೀವು ಎಡಕ್ಕೆ ಹೋದ ಹಾಗೆ ಹತ್ತಿರದ ಮೂಲೆ ಬಲಕ್ಕೆ ಜರುಗಿದಂತೆ ಕಾಣುತ್ತದೆ, ನಡುವಿನ ಸಂದು ಮುಚ್ಚುತ್ತದೆ. ಮುಚ್ಚಿದ ಕಡೆ ನಿಲ್ಲಿ. ನೆಲದ ಮೇಲೆ ಒಂದು ಗೆರೆ ಸಿಕ್ಕಿತು. ಹಳೆಯ ಕ್ಯಾಮೆರಾ ಆ ಗೆರೆಯ ಮೇಲೆ ಎಲ್ಲೋ ಇತ್ತು.

ಈಗ ಮುಂದೆ ಹಿಂದೆ. ಹತ್ತಿರದ ಕಂಬ ಹಳೆಯ ಚಿತ್ರದಲ್ಲಿ ಗೋಪುರದಷ್ಟೇ ಎತ್ತರ ಕಾಣುತ್ತಿದೆ, ನಿಮ್ಮ ಪರದೆಯಲ್ಲಿ ಗಿಡ್ಡ ಕಾಣುತ್ತಿದೆ ಅಂದರೆ ನೀವು ಹಿಂದೆ ಇದ್ದೀರಿ. ಗೆರೆಯ ಮೇಲೇ ಮುಂದೆ ನಡೆಯಿರಿ. ಹತ್ತಿರದ ವಸ್ತು ಬೇಗ ದೊಡ್ಡದಾಗುತ್ತದೆ, ದೂರದ್ದು ನಿಧಾನವಾಗಿ. ಎರಡರ ಪ್ರಮಾಣ ಹೊಂದಿದ ಕಡೆ ನಿಲ್ಲಿ.

ಕೊನೆಗೆ ಎತ್ತರ. ಹತ್ತಿರದ ಕಾಂಪೌಂಡಿನ ಮೇಲೆ ಹಿಂದಿನ ಮನೆಯ ಇಡೀ ಕಿಟಕಿ ಹಳೆಯ ಚಿತ್ರದಲ್ಲಿ ಕಾಣುತ್ತಿದ್ದು, ನಿಮಗೆ ಅದರ ತುದಿ ಮಾತ್ರ ಕಾಣುತ್ತಿದ್ದರೆ ಆ ಫೋಟೊಗ್ರಾಫರು ನಿಮಗಿಂತ ಮೇಲೆ ನಿಂತಿದ್ದರು. ಸುತ್ತ ನೋಡಿ. ಬಾಲ್ಕನಿಯೋ, ಮೊದಲ ಮಹಡಿಯ ಕಿಟಕಿಯೋ ಇರುತ್ತದೆ. ಬಾಗಿಲು ತಟ್ಟಿ, ಕೈಯಲ್ಲಿರುವ ಹಳೆಯ ಚಿತ್ರ ತೋರಿಸಿ. ಒಳಗೆ ಬಿಟ್ಟುಕೊಳ್ಳುವುದಕ್ಕೆ ಅದಕ್ಕಿಂತ ಒಳ್ಳೆಯ ಪರಿಚಯಪತ್ರ ಬೇರೆ ಇಲ್ಲ.

ಲೆನ್ಸ್ ಯಾವುದಿತ್ತೋ ಅನ್ನುವ ಚಿಂತೆ ಬೇಡ. ವಸ್ತುಗಳು ಒಂದಕ್ಕೊಂದು ಹೇಗೆ ಕಾಣುತ್ತವೆ ಅನ್ನುವುದು ನೀವು ನಿಂತ ಜಾಗದ ಮೇಲೆ ನಿಂತಿದೆ, ಲೆನ್ಸ್ ಮೇಲೆ ಅಲ್ಲ. ಜಾಗ ಸರಿಯಾಗಿದ್ದರೆ ಸ್ವಲ್ಪ ಅಗಲವಾಗಿ ತೆಗೆದು, ಮನೆಗೆ ಬಂದು ಹಳೆಯದರ ಅಳತೆಗೆ ಕತ್ತರಿಸಿ. ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಬೇಡಿ. ಹಳೆಯ ದೊಡ್ಡ ಕ್ಯಾಮೆರಾಗಳಲ್ಲಿ ಲೆನ್ಸನ್ನೇ ಮೇಲಕ್ಕೆ ಸರಿಸುವ ಸೌಲಭ್ಯ ಇತ್ತು, ಹಾಗಾಗಿ ಗೋಡೆಗಳು ನೆಟ್ಟಗೆ ಬರುತ್ತಿದ್ದವು. ನೀವು ಕ್ಯಾಮೆರಾ ಸಮ ಇಟ್ಟು, ಕೆಳಗೆ ನೆಲ ಜಾಸ್ತಿ ಬಂದರೆ ಬರಲಿ ಅಂತ ಬಿಟ್ಟು, ಆಮೇಲೆ ಕತ್ತರಿಸಿದರೆ ಸರಿಹೋಗುತ್ತದೆ.

ನೆರಳೂ ಹೊಂದಬೇಕು ಅನ್ನುವ ಹಟ ಇದ್ದರೆ ಒಂದು ಉಪಾಯ. ಸೂರ್ಯ ಒಂದೇ ದಾರಿಯಲ್ಲಿ ವರ್ಷಕ್ಕೆ ಎರಡು ಸಲ ಹೋಗುತ್ತಾನೆ. ಜೂನ್ 21ಕ್ಕೆ ಎಷ್ಟು ದಿನ ಮುಂಚೆಯೋ, ಅದರ ನಂತರ ಅಷ್ಟೇ ದಿನಕ್ಕೆ ನೆರಳು ಬಹುತೇಕ ಅದೇ ಕಡೆ ಬೀಳುತ್ತದೆ. ಹಳೆಯ ಚಿತ್ರ ಏಪ್ರಿಲ್ 21ರದ್ದಾಗಿದ್ದು ಆ ದಿನ ತಪ್ಪಿಹೋದರೆ ಆಗಸ್ಟ್ 21ರ ಸುಮಾರಿಗೆ ಹೋಗಿ. ಡಿಸೆಂಬರ್ 21ರ ಎರಡೂ ಬದಿಗೂ ಇದೇ ಲೆಕ್ಕ.

ಇನ್ನೊಂದು ಮಾತು. ನಿಮ್ಮ ಇವತ್ತಿನ ಚಿತ್ರವೂ ಮುಂದೆ ಯಾರಿಗೋ ಹಳೆಯ ಚಿತ್ರ. ಟ್ರೈಪಾಡಿನ ಕಾಲು ಯಾವ ಕಲ್ಲಿನ ಮೇಲಿತ್ತು, ಗೋಡೆಯಿಂದ ಎಷ್ಟು ದೂರ, ಲೆನ್ಸ್ ನೆಲದಿಂದ ಎಷ್ಟು ಎತ್ತರ, ಚೌಕಟ್ಟಿನ ಸರಿನಡುವೆ ಏನಿತ್ತು ಅಂತ ಬರೆದಿಡಿ. ಎರಡು ಹೆಜ್ಜೆ ಹಿಂದೆ ಬಂದು, ಜಾಗದಲ್ಲಿ ನಿಂತ ಟ್ರೈಪಾಡಿನದ್ದೇ ಫೋನಿನಲ್ಲಿ ಒಂದು ಫೋಟೊ ತೆಗೆದಿಡಿ. ನೂರು ಮಾತು ಬರೆಯುವುದು ತಪ್ಪುತ್ತದೆ.

6. ಜನರ ಹತ್ತಿರ ಹೇಗೆ ಮಾತಾಡುವುದು

ಬೀದಿಯಲ್ಲಿ, ಅಂಗಡಿಯಲ್ಲಿ, ನಿಲ್ದಾಣದಲ್ಲಿ ಏನು ತೆಗೆಯಬಹುದು ಅನ್ನುವ ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ತರಹ. ನಿಮ್ಮಲ್ಲಿ ಹೇಗಿದೆ ಅಂತ ಒಮ್ಮೆ ಓದಿಕೊಳ್ಳಿ. ಆದರೆ ಕಾನೂನು ಬಿಡುತ್ತದೆ ಅನ್ನುವುದು ಬೇರೆ, ಎದುರಿಗಿರುವವರು ಒಪ್ಪಿದ್ದಾರೆ ಅನ್ನುವುದು ಬೇರೆ. ಪ್ರವಾಸಿ ಕ್ಲಿಕ್ಕಿಸಿ ಓಡಬಹುದು. ನೀವು ನಾಳೆಯೂ ಅದೇ ಬೀದಿಯಲ್ಲಿ ಹೋಗಬೇಕು.

ಮೊದಲ ದಿನ ಹೆಸರು ಹೇಳಿ, ಏನು ಮಾಡುತ್ತಿದ್ದೀರಿ ಅಂತ ನಿಮ್ಮ ಆ ಒಂದು ವಾಕ್ಯದಲ್ಲಿ ಹೇಳಿ. ಬೇಡ ಅಂದರೆ 'ಸರಿ' ಅಂದು ಬನ್ನಿ, ವಾದ ಮಾಡಬೇಡಿ. ಚಿತ್ರ ಎಲ್ಲಿ ತೋರಿಸುತ್ತೀರಿ ಅನ್ನುವುದನ್ನು ಮುಚ್ಚಿಡಬೇಡಿ. ಮಕ್ಕಳಿದ್ದರೆ ಮನೆಯವರನ್ನು ಕೇಳದೆ ಕ್ಯಾಮೆರಾ ಎತ್ತಲೇಬೇಡಿ.

ಆಮೇಲೆ ಪ್ರಿಂಟ್ ಹಾಕಿಸಿ ಕೊಡಿ. ಫೋನಿಗೆ ಕಳಿಸುವುದು ಸಾಲದು, ಕಾಗದದ ಪ್ರಿಂಟೇ ಕೊಡಿ. ಮಿಲ್ಟನ್ ರೊಗೊವಿನ್ ಕಣ್ಣಿನ ತಪಾಸಣೆ ಮಾಡಿ ಕನ್ನಡಕ ಕೊಡುವ ವೃತ್ತಿಯವರು. ಅಮೆರಿಕದ ಬಫಲೋ ನಗರದಲ್ಲಿ ತಮ್ಮ ಕೆಲಸದ ಜಾಗಕ್ಕೆ ಹತ್ತಿರದ ಲೋವರ್ ವೆಸ್ಟ್ ಸೈಡ್ ಅನ್ನುವ ಬಡ ಬಡಾವಣೆಯ ಜನರನ್ನು 1972ರಲ್ಲಿ ತೆಗೆಯಲು ಶುರು ಮಾಡಿದರು. 1980ರ ದಶಕದಲ್ಲಿ, ಮತ್ತೆ 1990ರ ದಶಕದಲ್ಲಿ ಅವರನ್ನೇ ಹುಡುಕಿಕೊಂಡು ಹೋಗಿ ಮತ್ತೆ ತೆಗೆದರು. ಚಿತ್ರದಲ್ಲಿದ್ದ ಮಗು ಮುಂದಿನ ಚಿತ್ರದಲ್ಲಿ ತಾಯಿಯಾಗಿತ್ತು. ತೆಗೆಸಿಕೊಂಡವರಿಗೆ ಅವರು ಪ್ರಿಂಟ್ ಕೊಡುತ್ತಿದ್ದರು. ಮೊದಲ ಸಲ ಬರಿಗೈಲಿ ಬಿಟ್ಟುಹೋದವರಿಗೆ ಎರಡನೇ ಸಲ ಬಾಗಿಲು ತೆರೆಯುವುದು ಕಷ್ಟ.

7. ಮನೆ ಬಿಟ್ಟು ಹೊರಡಲಾಗದವರಿಗೆ, ಜನಜಂಗುಳಿ ಬೇಡದವರಿಗೆ

ಎಲ್ಲರಿಗೂ ಬೀದಿ ಸುತ್ತಲು ಆಗುವುದಿಲ್ಲ. ಜೋಸೆಫ್ ಸುಡೆಕ್ ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದರು. 1940ರಿಂದ 1954ರವರೆಗೆ ಪ್ರಾಗ್ ನಗರದ ತಮ್ಮ ಸ್ಟುಡಿಯೊದ ಕಿಟಕಿಯನ್ನೇ ತೆಗೆದರು. ಗಾಜಿನ ಮೇಲಿನ ಆವಿ, ಹನಿ, ಮಂಜು, ಆಚೆಗೆ ಒಂದು ವಕ್ರ ಮರ. ಅಷ್ಟರಿಂದಲೇ ಹದಿನಾಲ್ಕು ವರ್ಷದ ಕೆಲಸ. ನಿಮ್ಮ ಮನೆಯ ಒಂದು ಕಿಟಕಿಗೂ ಹೀಗೆ ಒಂದು ವರ್ಷ ಕೊಡಬಹುದು. ಗಾಜಿನ ಮೇಲೆ ಫೋಕಸ್ಸೋ ಆಚೆಯ ಮರದ ಮೇಲೋ ಅನ್ನುವುದಷ್ಟನ್ನೇ ದಿನಾ ಬದಲಿಸಿದರೂ ಎರಡು ಬೇರೆ ಬೇರೆ ಊರು ಕಾಣುತ್ತವೆ.

ಖಾಲಿ ಊರು ಬೇಕಾ? ಫೋಟೊಗ್ರಫಿಯ ಆದಿಕಾಲದ ಡಾಗೇರ್ 1838ರಲ್ಲಿ ಪ್ಯಾರಿಸ್‌ನ ಒಂದು ದೊಡ್ಡ ಬೀದಿಯನ್ನು ತೆಗೆದಾಗ ಎಕ್ಸ್‌ಪೋಶರ್, ಅಂದರೆ ಬೆಳಕನ್ನು ಒಳಬಿಡುವ ಸಮಯ, ಹಲವು ನಿಮಿಷ ಹಿಡಿಯುತ್ತಿತ್ತು. ಓಡಾಡುತ್ತಿದ್ದ ಗಾಡಿ, ಜನ ಯಾರೂ ಚಿತ್ರದಲ್ಲಿ ಉಳಿಯಲಿಲ್ಲ. ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಾ ಒಂದೇ ಕಡೆ ನಿಂತಿದ್ದವನ ಆಕೃತಿ ಮಾತ್ರ ಉಳಿಯಿತು. ಇದನ್ನೇ ಇವತ್ತು ಹಗಲಲ್ಲಿ ಮಾಡಬಹುದು. ಹತ್ತು ಸ್ಟಾಪಿನ ಎನ್‌ಡಿ ಫಿಲ್ಟರ್ (ಲೆನ್ಸಿನ ಮುಂದೆ ಹಾಕುವ ಕಪ್ಪು ಗಾಜು) ಬೆಳಕನ್ನು ಸುಮಾರು ಸಾವಿರ ಪಟ್ಟು ಕಡಿಮೆ ಮಾಡುತ್ತದೆ. 1/30 ಸೆಕೆಂಡಿನ ಎಕ್ಸ್‌ಪೋಶರ್ ಅರ್ಧ ನಿಮಿಷ ದಾಟುತ್ತದೆ. ನಡೆಯುವವರು ಕರಗಿಹೋಗುತ್ತಾರೆ, ಕಾಯುತ್ತಾ ನಿಂತವರು ಉಳಿಯುತ್ತಾರೆ. ಬಸ್ ನಿಲ್ದಾಣದಲ್ಲಿ ಇದನ್ನು ಮಾಡಿ ನೋಡಿ. ಫಿಲ್ಟರ್ ಇಲ್ಲದಿದ್ದರೆ ಟ್ರೈಪಾಡ್ ಮೇಲೆ ಇಪ್ಪತ್ತು ಚಿತ್ರ ಬಿಟ್ಟು ಬಿಟ್ಟು ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದಿಟ್ಟು ಮೀಡಿಯನ್ ಆಯ್ಕೆ ಒತ್ತಿ. ಹೆಚ್ಚಿನ ಚಿತ್ರಗಳಲ್ಲಿ ಇಲ್ಲದ್ದೆಲ್ಲ ಮಾಯ.

8. ಬರೆದಿಡುವುದು

ಬೇಜಾರಿನ ಕೆಲಸ. ಆದರೆ ಇದನ್ನು ಬಿಟ್ಟರೆ ಉಳಿದದ್ದೆಲ್ಲ ನೀರಿನಲ್ಲಿ ಹೋಮ. ವಿವಿಯನ್ ಮೇಯರ್ ಷಿಕಾಗೋದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಾ ದಶಕಗಳ ಕಾಲ ಬೀದಿಯ ಚಿತ್ರ ತೆಗೆದರು. 2007ರಲ್ಲಿ, ಬಾಡಿಗೆ ಕಟ್ಟದೆ ಉಳಿದ ಗೋದಾಮಿನ ಸಾಮಾನಿನ ಹರಾಜಿನಲ್ಲಿ ಅವು ಹೊರಬಂದವು. ಒಂದು ಲಕ್ಷಕ್ಕೂ ಹೆಚ್ಚು ನೆಗೆಟಿವ್, ಡೆವಲಪ್ ಕೂಡ ಮಾಡಿಸದ ರೋಲುಗಳು. 2009ರಲ್ಲಿ ಅವರು ತೀರಿಕೊಂಡರು. ಯಾರು, ಎಲ್ಲಿ, ಯಾವಾಗ ಅಂತ ಹೇಳಬಲ್ಲ ಒಬ್ಬರೇ ಹೋದಮೇಲೆ ಉಳಿದವರು ಅಂಗಡಿ ಬೋರ್ಡು, ಕಾರಿನ ಮಾಡೆಲ್ ನೋಡಿ ಊಹಿಸಬೇಕು.

ಅದೇ ದಿನ ಸಂಜೆ ಕೂತು ಕ್ಯಾಪ್ಷನ್ ಬರೆಯಿರಿ. ಏನು, ಎಲ್ಲಿ, ಯಾವ ದಿನ, ಕ್ಯಾಮೆರಾ ಯಾವ ದಿಕ್ಕಿಗಿತ್ತು, ಒಪ್ಪಿದ್ದರೆ ಯಾರು. 'ಮರೆಯಾಗುತ್ತಿರುವ ನೆನಪು' ಅಂತ ಬರೆಯಬೇಡಿ. 'ಗಡಿಯಾರ ವೃತ್ತದಿಂದ ಎಡಕ್ಕೆ ಮೂರನೇ ಅಂಗಡಿ, ಬೆಳಿಗ್ಗೆ 7.10, ಉತ್ತರಕ್ಕೆ ನೋಡುತ್ತಾ' ಅಂತ ಬರೆಯಿರಿ. ಈ ಮಾತುಗಳು ಚಿತ್ರದ ಫೈಲಿನೊಳಗೇ ಇರಲಿ. ಹೆಚ್ಚಿನ ಫೋಟೊ ತಂತ್ರಾಂಶಗಳಲ್ಲಿ ಅದಕ್ಕೆ ಕ್ಯಾಪ್ಷನ್ ಅನ್ನುವ ಜಾಗ ಇರುತ್ತದೆ. ಬೇರೆ ಕಡೆ ಬರೆದರೆ ಚಿತ್ರ ಒಂದು ಕಡೆ, ಮಾತು ಒಂದು ಕಡೆ ಆಗುತ್ತದೆ. ಕ್ಯಾಮೆರಾದ ಗಡಿಯಾರ ಸರಿ ಇದೆಯಾ ಅಂತಲೂ ನೋಡಿಕೊಳ್ಳಿ. ಫೋಲ್ಡರಿನ ಹೆಸರು ವರ್ಷ, ತಿಂಗಳು, ದಿನ, ಜಾಗ ಈ ಕ್ರಮದಲ್ಲಿದ್ದರೆ ತಾನಾಗೇ ಸಾಲಾಗಿ ಕೂರುತ್ತವೆ.

ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಮಾಧ್ಯಮದಲ್ಲಿ. ಅದರಲ್ಲಿ ಒಂದು ಪ್ರತಿ ಮನೆಯಿಂದ ಹೊರಗೆ ಇರಲಿ.

9. ಆರಿಸುವುದು

ಆರಿಸಲು ಪರದೆ ಸಾಲದು. ಚಿಕ್ಕ ಪ್ರಿಂಟು ಹಾಕಿಸಿ, ನೆಲದ ಮೇಲೆ ಹರಡಿ, ದಿನವಿಡೀ ಅಲ್ಲೇ ಬಿಡಿ. ಓಡಾಡುವಾಗ ಕಣ್ಣಿಗೆ ಬೀಳಲಿ. ಒಂದೇ ಮಾತು ಹೇಳುವ ಎರಡು ಚಿತ್ರ ಇದ್ದರೆ ಒಂದನ್ನು ಬಿಟ್ಟುಬಿಡಿ. ತುಂಬಾ ಕಷ್ಟಪಟ್ಟು ತೆಗೆದದ್ದು ಅನ್ನುವ ಕಾರಣಕ್ಕೆ ಯಾವುದನ್ನೂ ಉಳಿಸಿಕೊಳ್ಳಬೇಡಿ. ನೋಡುವವರಿಗೆ ನಿಮ್ಮ ಬೆವರು ಕಾಣುವುದಿಲ್ಲ.

ಸಾಲು ಜೋಡಿಸುವಾಗ ಪಕ್ಕಪಕ್ಕದ ಎರಡು ಚಿತ್ರಗಳ ನಡುವೆ ಏನಾದರೂ ಒಂದು ಕೊಂಡಿ ಇರಲಿ. ಒಂದರ ಬಾಗಿಲಿನ ನೀಲಿ ಮುಂದಿನದರ ಅಂಗಿಯಲ್ಲಿ ಬರಬಹುದು. ಒಂದರಲ್ಲಿ ಬಲಕ್ಕೆ ನೋಡುವ ಮುಖ ಮುಂದಿನದರ ಕಿಟಕಿಯತ್ತ ಕಣ್ಣು ಕರೆದೊಯ್ಯಬಹುದು. ಫೋಟೊಗ್ರಫಿ ಗೊತ್ತಿಲ್ಲದ, ಆದರೆ ಊರು ಚೆನ್ನಾಗಿ ಗೊತ್ತಿರುವ ಒಬ್ಬರನ್ನು ಕರೆದು ತೋರಿಸಿ. ಎಲ್ಲಿ ನಿಂತು ಮಾತು ಶುರು ಮಾಡುತ್ತಾರೆ, ಎಲ್ಲಿ ಬೇಗ ದಾಟುತ್ತಾರೆ ಅಂತ ಗಮನಿಸಿ. ಫೋಟೊಗ್ರಾಫರ್ ಗೆಳೆಯರು ಬೆಳಕಿನ ಬಗ್ಗೆ ಮಾತಾಡುತ್ತಾರೆ, ಅದು ಈಗ ಬೇಡ.

10. ತೋರಿಸುವುದು

ಮೊದಲ ಪ್ರದರ್ಶನ ಗ್ಯಾಲರಿಯಲ್ಲೇ ಆಗಬೇಕಿಲ್ಲ. ತೆಗೆದ ಜಾಗದಲ್ಲೇ ತೂಗುಹಾಕಿ: ಅಂಗಡಿಯ ಗೋಡೆ, ಗ್ರಂಥಾಲಯದ ಪಡಸಾಲೆ, ಬಡಾವಣೆಯ ಸಭಾಂಗಣ. ಚಿತ್ರದ ನಡುಭಾಗ ನೆಲದಿಂದ ಸುಮಾರು 145 ಸೆಂಟಿಮೀಟರ್ ಎತ್ತರದಲ್ಲಿರಲಿ. ಎಲ್ಲ ಚಿತ್ರಕ್ಕೂ ಅದೇ ಎತ್ತರ. ಒಳಗೆ ಬರುವ ಮಕ್ಕಳು, ಗಾಲಿಕುರ್ಚಿಯವರು ಜಾಸ್ತಿ ಇದ್ದರೆ ಇನ್ನೂ ಕೆಳಗೆ. ಪಕ್ಕದಲ್ಲಿ ಒಂದು ನೋಟ್‌ಬುಕ್, ಪೆನ್ನು ಕಟ್ಟಿಡಿ. 'ಈ ಅಂಗಡಿ ಮುಂಚೆ ಎದುರುಗಡೆ ಇತ್ತು', 'ಇದು ನಮ್ಮ ಅಜ್ಜನ ಕುರ್ಚಿ' ಅಂತ ಜನ ಬರೆಯುತ್ತಾರೆ. ನಿಮ್ಮ ಕ್ಯಾಪ್ಷನ್ನಿನ ತಪ್ಪುಗಳೂ ಅಲ್ಲೇ ತಿದ್ದಿಸಿಕೊಳ್ಳುತ್ತವೆ.

ಚಿಕ್ಕ ಪುಸ್ತಕ ಮಾಡುವುದಾದರೆ ನಡುವೆ ಪಿನ್ನು ಹೊಡೆಯುವ ಬಗೆ ಅಗ್ಗ. ಪುಟಗಳ ಸಂಖ್ಯೆ ನಾಲ್ಕರ ಗುಣಕದಲ್ಲಿರಬೇಕು. 16, 20, 24, ಹೀಗೆ. ಎ5 ಪುಟಕ್ಕೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) 1748 x 2480 ಪಿಕ್ಸೆಲ್ ಸಾಕು, ಅಂಚು ಕತ್ತರಿಸಲು ಸುತ್ತ 3 ಮಿಲಿಮೀಟರ್ ಜಾಸ್ತಿ ಬಿಡಿ. ಎರಡು ಪುಟಕ್ಕೆ ಹರಡಿದ ಚಿತ್ರದಲ್ಲಿ ಮುಖ ನಡುಮಡಿಕೆಗೆ ಬೀಳದಂತೆ ನೋಡಿಕೊಳ್ಳಿ. ಪೂರ್ತಿ ಅಚ್ಚು ಹಾಕಿಸುವ ಮುಂಚೆ ಒಂದೇ ಒಂದು ಪ್ರತಿ ತೆಗೆಸಿ ನೋಡಿ. ಪರದೆಯ ಮೇಲೆ ಸರಿಯಾಗಿ ಕಂಡ ನೆರಳು ಕಾಗದದ ಮೇಲೆ ಮುಚ್ಚಿಹೋಗುವುದು ಮಾಮೂಲು.

ಒಂದು ಜೊತೆ ಪ್ರಿಂಟನ್ನು ಕ್ಯಾಪ್ಷನ್ ಸಮೇತ ಊರಿನ ಗ್ರಂಥಾಲಯಕ್ಕೋ ಸ್ಥಳೀಯ ಇತಿಹಾಸದ ಸಂಗ್ರಹಕ್ಕೋ ಕೊಡಿ. ಯಾವ ಬಳಕೆಗೆ ಒಪ್ಪಿಗೆ ಇದೆ ಅಂತ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಜೊತೆಗಿಡಿ. ಪ್ರಿಂಟಿನ ಹಿಂಬದಿಗೆ ಬಾಲ್‌ಪೆನ್ನಿನಲ್ಲಿ ಬರೆಯಬೇಡಿ, ಒತ್ತಿದ ಗುರುತು ಮುಂಬದಿಗೆ ಮೂಡುತ್ತದೆ. ಮೆದು ಪೆನ್ಸಿಲ್ಲಿನಲ್ಲಿ, ಅಂಚಿಗೆ, ಹಗುರವಾಗಿ ಬರೆಯಿರಿ. ನುಣುಪು ಕಾಗದಕ್ಕೆ ಪೆನ್ಸಿಲ್ ಹಿಡಿಯದಿದ್ದರೆ ಪ್ರಿಂಟ್ ಹಾಕಿದ ಲಕೋಟೆಯ ಮೇಲೆ, ಚಿತ್ರವನ್ನು ಒಳಗೆ ಸೇರಿಸುವ ಮುಂಚೆಯೇ ಬರೆಯಿರಿ.